ಒದ್ದೆಯಾಗಬಾರದ ಗಾಯ

ಎರಡನೆಯ ಹೆರಿಗೆಯಲ್ಲಿ ನಾನು ಉಳಿದದ್ದೇ ದೇವರ ದಯೆ. ಇನ್ನೊಂದು ಬಸಿರು ನನ್ನ ಜೀವಕ್ಕೆ ಅಪಾಯ, ನನ್ನ ಹೊಟ್ಟೆಯನ್ನು ಮತ್ತೆ ಕೊಯ್ಯುವುದೂ ಬೇಡ, ಯಜಮಾನರೇ ಆಪರೇಷನ್ ಮಾಡಿಸಿಕೊಳ್ಳಲಿ ಎಂದು ರಾಯಚೂರಿನ ಡಾಕ್ಟರಮ್ಮ ಹೇಳಿದರು. ಹೊರಗೆ ಸಾಲು ಉದ್ದವಿತ್ತು. ಕೇಳಬೇಕೆಂದಿದ್ದೆಲ್ಲ ಬಾಯಲ್ಲೇ ಉಳಿಯಿತು.

ಯಜಮಾನರು ದೇವದುರ್ಗದ ಒಂದು ಚಿಕ್ಕ ಗುಡಿಯ ಅರ್ಚಕರು. ಮಗಳ ಶಾಲೆಗಾಗಿ ನಾನು ರಾಯಚೂರಿನಲ್ಲಿದ್ದೇನೆ. ಮಾನ್ವಿಯಲ್ಲಿರುವ ಇವರ ಅಣ್ಣ, ನಮ್ಮ ಭಾವನವರು, ಬಂದು ಪೂಜೆಯ ಪಾಳಿ ಹೊತ್ತಾಗ ಮಾತ್ರ ಇವರು ಮನೆಗೆ ಬರುತ್ತಾರೆ.

ಮಧ್ಯಾಹ್ನ ಕೂಸನ್ನು ತೊಟ್ಟಿಲಿಗೆ ಹಾಕಿ ಫೋನಿನಲ್ಲಿ ಹುಡುಕಿದೆ. ಕನ್ನಡದಲ್ಲೇ ಸಿಕ್ಕಿತು. ಆದರೆ ವೃಷಣ, ವೀರ್ಯನಾಳ, ವಿಚ್ಛೇದನ ಎಂದು ಹೋಗುತ್ತ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಮರೆತಿರುತ್ತಿತ್ತು. ಶ್ಲೋಕವಾದರೆ ಅರ್ಥವಾಗದಿದ್ದರೂ ಪುಣ್ಯ ಬರುತ್ತದೆ. ಇದರಿಂದ ಏನೂ ಬರಲಿಲ್ಲ. ಚಿಕ್ಕ ಗಾಯ, ಅಂದೇ ಮನೆಗೆ ಬರಬಹುದು, ಗಂಡಸುತನಕ್ಕೆ ಕುಂದಿಲ್ಲ ಎಂಬಷ್ಟನ್ನು ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಆರಿಸಿಕೊಂಡೆ. ಆಮೇಲೆ ಕಂಡಿತು: ಗಾಯವನ್ನು ಅಲ್ಪಾವಧಿಯವರೆಗೆ ತೇವದಿಂದ ರಕ್ಷಿಸತಕ್ಕದ್ದು.

ಎಷ್ಟು ದಿನ? ಬರೆದಿರಲಿಲ್ಲ. ಅರ್ಚಕರು ದಿನಾ ತಲೆಸ್ನಾನ ಮಾಡಿ, ಒದ್ದೆ ಧೋತರದಲ್ಲೇ ದೇವರ ನೀರು ಹೊತ್ತು ತರಬೇಕು. ಅಂಥವರಿಗೆಂದು ಅಲ್ಲಿ ಒಂದು ಸಾಲೂ ಇರಲಿಲ್ಲ.

ಯಜಮಾನರಿಗೆ ಫೋನ್ ಮಾಡಿ ಓದಿ ಹೇಳಿದೆ.

“ಸ್ನಾನ ಇಲ್ಲದ ಗರ್ಭಗುಡಿ ಹೆಂಗ ಹೊಗ್ಲಿ?” ಎಂದರು.

“ಭಾವನವರಿಗೆ ಬರ್ಲಿಕ್ಕೆ ಹೇಳ್ರಿ.”

“ಯಾಕಂತ ಹೇಳ್ಲಿ? ಸೂತಕ ಅನ್ಲಿಕ್ಕೂ ಬರೂದಿಲ್ಲ. ನನಗ ಸೂತಕ ಬಂದ್ರ ಅಣ್ಣಗೂ ಬಂತು.”

ನನಗೆ ನಗು ಬಂತು. ಅವರು ನಗಲಿಲ್ಲ. “ನೋಡೂಣು” ಎಂದು ಇಟ್ಟುಬಿಟ್ಟರು.

ಆಮೇಲೆ ಮನೆಗೆ ಬಂದಾಗಲೂ ಪಡಸಾಲೆಯಲ್ಲೇ ಮಲಗತೊಡಗಿದರು. ನನ್ನ ಜೀವ ಉಳಿಯಲೆಂದೇ, ಗೊತ್ತು. ಆ ದೂರವೂ ದೇವರು ಕೊಟ್ಟದ್ದೇ ಎಂದುಕೊಂಡೆ. ಆದರೂ ಅವರ ಕೆಮ್ಮು ಗೋಡೆಯ ಆಚೆಯಿಂದ ಕೇಳುವುದು ಬೇರೆ ಊರಿನಿಂದ ಕೇಳಿದ ಹಾಗಿರುತ್ತಿತ್ತು.

ಮಾವನವರ ಶ್ರಾದ್ಧಕ್ಕೆ ಮಾನ್ವಿಗೆ ಹೋದೆ; ಇವರೂ ಬೆಳಗಿನ ಪೂಜೆ ಮುಗಿಸಿ ಬಂದಿದ್ದರು. ಊಟ ಮುಗಿದು ನೆಗೆಣ್ಣಿಯೂ ನಾನೂ ಹೂಬತ್ತಿ ಮಾಡುತ್ತ ಕೂತಿದ್ದೆವು. ಭಾವನವರ ಹೆಂಡತಿ ಅವಳು. ಬಾಯಲ್ಲಿ ಹೇಳಲಾರದೆ ಫೋನನ್ನೇ ಅವಳ ಕೈಗಿಟ್ಟೆ.

ದೂರ ಹಿಡಿದು ಓದಿದಳು. “ಇದೇನ್ ಬೇ, ಪಂಚಾಂಗ ಓದಿದಂಗ ಆಗ್ತದ!”

ತಡವರಿಸುತ್ತ ಎಲ್ಲ ಹೇಳಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

“ನೀ ಮದಿವಿಯಾಗಿ ಬಂದ ವರ್ಷ ನಿಮ್ಮ ಭಾವ ಹರ್ನಿಯಾ ಅಂತ ಮನ್ಯಾಗ ಕೂತಿದ್ರಲ್ಲ?”

“ಹೂಂ, ಇವರೇ ಪಾಳಿ ಹಿಡದಿದ್ರು.”

“ಹರ್ನಿಯಾನೂ ಇಲ್ಲ, ಗಿರ್ನಿಯಾನೂ ಇಲ್ಲ. ಇದೇ.”

“ನನಗರೆ ಹೇಳ್ಬಾರ್ದಿತ್ತೇನ್ ಅಕ್ಕಾ?”

“ಹೊಸಾ ಸೊಸಿಗೆ ಏನಂತ ಹೇಳ್ಲೆವ್ವಾ? ನಾನೂ ಒಬ್ಬಾಕಿನೇ ಕೂತು ಅತ್ತೀನಿ.” ಮತ್ತೆ ಬತ್ತಿ ಹೊಸೆದಳು. “ಎರಡು ದಿನ ನೀರು ಸೋಕಿಸ್ಲಿಲ್ಲ, ಒಂದು ವಾರ ಕೊಡ ಎತ್ತಗೊಡ್ಲಿಲ್ಲ. ನೀವು ನಿಮ್ಮ ಡಾಕ್ಟರನ್ನ ಕೇಳ್ರಿ.”

ಸಂಜೆ ಕಟ್ಟೆಯ ಮೇಲೆ ಭಾವನವರು ತಮ್ಮನ ಮುಖ ನೋಡದೆ ಹೇಳಿದರು: “ದ್ವಾದಶಿ ಮುಗಿದ ಮ್ಯಾಲೆ ಗುಡಿ ನಾ ನೋಡ್ಕೋತೀನಿ. ನೀ ರಾಯಚೂರಿಗೆ ಹೋಗಿ ಇರು.” ಇವರು ಯಾಕೆಂದು ಕೇಳಲಿಲ್ಲ.

ಆಪರೇಷನ್ ಆಯಿತು. ಸ್ನಾನವಿಲ್ಲದ ಎರಡು ದಿನ ಯಜಮಾನರು ದೇವರ ಮನೆಯ ಹೊಸ್ತಿಲಾಚೆ ಮಣೆ ಹಾಕಿಕೊಂಡು, ನಾನು ದೀಪ ಹಚ್ಚುವುದನ್ನು ನೋಡುತ್ತಿದ್ದರು. ನಾನು ರಾಯಚೂರಿಗೆ ಬಂದ ಮೇಲೆ ಇಡೀ ವಾರ ಅವರು ಮನೆಯಲ್ಲಿದ್ದದ್ದು ಅದೇ ಮೊದಲು.

ಈಗ ದೇವದುರ್ಗಕ್ಕೆ ಹೋಗಿದ್ದಾರೆ. ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿ, ಡಾಕ್ಟರು ಸರಿ ಎನ್ನುವವರೆಗೂ ಬಸಿರಿನ ಭಯ ಹೋಗುವುದಿಲ್ಲವಂತೆ. ಅದು ಆ ಬರಹದ ತೀರ ಕೆಳಗಿತ್ತು. ಅಷ್ಟು ಕೆಳಗಿನವರೆಗೆ ಎಷ್ಟು ಜನ ಓದುತ್ತಾರೋ. ಹೀಗಾಗಿ ಇವರು ಮನೆಗೆ ಬಂದರೂ ಮಲಗುವುದು ಪಡಸಾಲೆಯಲ್ಲೇ. ಹೊಸ್ತಿಲ ಹತ್ತಿರದ ಮಣೆಯನ್ನು ನಾನಿನ್ನೂ ಎತ್ತಿಟ್ಟಿಲ್ಲ.