ಕೆಂಪು ಮುಚ್ಚಳದ ತೊಗ್ವಾ

ಎಂಬಿಂಗಾ ಮಾರುಕಟ್ಟೆಯಲ್ಲಿ ನನ್ನ ಒಣಮೀನಿನ ಜಾಗಕ್ಕೂ ಒಸ್ಮುಂಡಾ ಕಪಿಂಗಾಳ ತೊಗ್ವಾ ಗಂಜಿಯ ಬಕೆಟ್ಟುಗಳಿಗೂ ನಡುವೆ ಒಂದು ಹಲಗೆಯಷ್ಟೇ ಅಡ್ಡ. ನನ್ನ ಮೀನಿನ ವಾಸನೆ ಅವಳ ಗಿರಾಕಿಗಳಿಗೆ ಹೋಗುತ್ತದೆ, ಅವಳ ಬಕೆಟ್ಟಿನ ನೊಣ ನನ್ನ ಕಡೆಗೆ ಬರುತ್ತದೆ, ಲೆಕ್ಕ ಸಮ. ನಾವು ಜಗಳವಾಡದ ವಾರವಿಲ್ಲ. ಆದರೂ ಅವಳ ವಿಷಯವನ್ನು ಬೇರೆಯವರ ಬಾಯಿಂದ ಕೇಳಿದರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಅವಳ ತೊಗ್ವಾ ಚೆನ್ನಾಗಿರುತ್ತದೆ. ಮೆಕ್ಕೆಜೋಳದ ಗಂಜಿ ಕಾಸಿ, ಉಗುರುಬೆಚ್ಚಗಾದ ಮೇಲೆ ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಕಲಸುತ್ತಾಳೆ. ಸೌಟು ನಿಲ್ಲುವಷ್ಟು ಗಟ್ಟಿಯಿದ್ದ ಗಂಜಿ ನೋಡನೋಡುತ್ತ ತೆಳ್ಳಗಾಗುತ್ತದೆ. ಹಿಂದಿನ ದಿನದ ಗಂಜಿಯನ್ನೇ ಸ್ವಲ್ಪ ಹೆಪ್ಪಿಗೆ ಸುರಿದು ಮುಚ್ಚಿಟ್ಟರೆ ಬೆಳಗ್ಗೆ ಸಿಹಿಯೂ ಹುಳಿಯೂ ಆಗಿ ಸಿದ್ಧ. ಕಾಫಿ ಮೂಟೆ ಹೊರುವವರು ಅದನ್ನು ಕುಡಿದರೆ ಸಂಜೆಯವರೆಗೆ ಊಟದ ಮಾತೆತ್ತುವುದಿಲ್ಲ.

ಒಸ್ಮುಂಡಾಳಿಗೆ ಒಬ್ಬಳೇ ಮಗಳು, ಒಟೀಲಿಯಾ. ಗುಡ್ಡದಾಚೆಯ ಕಾಫಿ ತೋಟದವರ ಮನೆಗೆ ಕೊಟ್ಟಿದ್ದರು. ಅವಳ ಚೊಚ್ಚಲ ಕೂಸು ಬೆನ್ನು ತೆರೆದುಕೊಂಡೇ ಹುಟ್ಟಿತು, ಮೂಳೆ ಕೂಡಿರಲಿಲ್ಲ. ಬಟ್ಟೆ ಸುತ್ತಿ ಕೈಗೆ ಕೊಟ್ಟರು, ವಾರ ಉಳಿಯಲಿಲ್ಲ. ಅತ್ತೆ ಮೊದಲು ಯಾರ ಕಣ್ಣು ಬಿತ್ತೋ ಎಂದಳು. ಆಮೇಲೆ ಯಾರ ಕಡೆಯ ರಕ್ತವೋ ಎಂದಳು.

ಅದೇ ವರ್ಷ ಮೊರೊಗೊರೊ ಕಡೆಯಿಂದ ಅನೇತ್ ಎಂಬ ಓದಿದ ಹುಡುಗಿ ಬಂದಳು. ನಮ್ಮ ತೊಗ್ವಾದಲ್ಲೇ ಬದುಕುವ ಯೀಸ್ಟುಗಳಲ್ಲಿ ಒಂದು ಜಾತಿ ಫೋಲೇಟ್ ಎಂಬ ವಿಟಮಿನನ್ನು ತಾನೇ ತಯಾರಿಸುತ್ತದಂತೆ. ಅದನ್ನು ಆರಿಸಿ ಬೆಳೆಸಿ, ಗಂಜಿ ಮಾರುವವರಿಗೆ ಹೆಪ್ಪಾಗಿ ಕೊಡಲು ಬಂದಿದ್ದಳು. ಆ ವಿಟಮಿನ್ ಸಾಲದಿದ್ದರೆ ಹೊಟ್ಟೆಯಲ್ಲಿ ಕೂಸಿನ ಬೆನ್ನು ಮುಚ್ಚದಿರಬಹುದು ಎಂದಳು. ಒಸ್ಮುಂಡಾ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೂತಳು. ಅನೇತ್ ಬಣ್ಣದ ಮಾತಾಡುವವಳಲ್ಲ. ಇದು ಖಾತ್ರಿಯಲ್ಲ, ಕುಡಿದರೂ ಕೆಲವರಿಗೆ ಹಾಗಾಗುತ್ತದೆ ಎಂದಳು. ಕುಡಿಯುವುದಾದರೆ ಬಸುರಾಗುವ ಮೊದಲೇ ಶುರು ಮಾಡಬೇಕು, ಮುಟ್ಟು ನಿಂತಿತೆಂದು ಗೊತ್ತಾಗುವ ಹೊತ್ತಿಗೆ ಬೆನ್ನಿನ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ ಎಂದಳು. ಒಸ್ಮುಂಡಾ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು.

ಎಲ್ಲ ಬಕೆಟ್ಟಿಗೂ ಆ ಹೆಪ್ಪನ್ನೇ ಹಾಕಿ ನೋಡಿದಳು. ಹೆಂಡದ ವಾಸನೆ ಎಂದು ಮಸೀದಿಗೆ ಹೋಗುವ ಗಿರಾಕಿಗಳು ದೂರವಾದರು. ಚರ್ಚಿಗೆ ಹೋಗುವವರು ವಾಸನೆಯಿದ್ದೂ ಹೆಂಡವಿಲ್ಲವಲ್ಲ ಎಂದು ಗೊಣಗಿದರು. ಕೊನೆಗೆ ಹಳೇ ಹೆಪ್ಪಿನ ನೀಲಿ ಮುಚ್ಚಳದ್ದು ಎಲ್ಲರಿಗೆ, ಹೊಸ ಹೆಪ್ಪಿನ ಕೆಂಪು ಮುಚ್ಚಳದ್ದು ಹೆಂಗಸರಿಗೆ ಎಂದು ಬೇರೆ ಮಾಡಿದಳು.

ಅಲ್ಲೇ ಕೆಟ್ಟಿತು. ಬಾಡಿಗೆ ಬೈಕು ಓಡಿಸುವ ಗೆರೋಲ್ಡ್ ಅಂತ ಒಬ್ಬನಿದ್ದಾನೆ, ಬೈಕಿಗೆ ಇರುವ ಬ್ರೇಕು ನಾಲಿಗೆಗಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೆಂಪು ಮುಚ್ಚಳದಿಂದ ಲೋಟ ತುಂಬಿಸಿಕೊಳ್ಳುತ್ತಿದ್ದಾಗ, "ಓಹೋ, ಬಸುರಿ ಗಂಜೀನಾ? ಎಷ್ಟ್ ತಿಂಗ್ಳು ತಂಗಿ? ಆಸ್ಪತ್ರೆಗೆ ನನ್ ಬೈಕೇ ಹೇಳ್ಬಿಡು ಮತ್ತೆ," ಎಂದ. ಸಾಲಿಗೆ ಸಾಲೇ ನಕ್ಕಿತು. ಹುಡುಗಿ ಲೋಟ ಬಿಟ್ಟು ಹೋದಳು. ಅಂದಿನಿಂದ ಅದರ ಹೆಸರೇ ಬಸುರಿ ಗಂಜಿ. ನಮ್ಮಲ್ಲಿ ಬಸುರು ತಾನಾಗಿ ಕಾಣುವವರೆಗೆ ಬಾಯಿ ಬಿಡುವ ಹೆಂಗಸಿಲ್ಲ, ಕಣ್ಣು ಬೀಳುತ್ತದೆಂಬ ಹೆದರಿಕೆ. ಹಾಗಾಗಿ ಹೊಟ್ಟೆ ಮುಂದೆ ಬಂದವರು ಮಾತ್ರ ಧೈರ್ಯವಾಗಿ ಬಂದು ಕುಡಿಯುತ್ತಿದ್ದರು. ನಿಮ್ಮ ತಂಗಿಯರನ್ನು ಕಳಿಸ್ರೇ, ನೀವು ಬಂದು ಏನು ಬಂತು ಎಂದು ಒಸ್ಮುಂಡಾ ಬಯ್ಯುತ್ತಲೇ ಸುರಿಯುತ್ತಿದ್ದಳು.

ಊರು ಹಾಳಾಗಲಿ, ಅವಳ ಜೀವವೆಲ್ಲ ಇದ್ದದ್ದು ಮಗಳ ಮೇಲೆ. ಮಗಳ ಮುಂದಿನ ಕೂಸು ಉಳಿಯಬೇಕು, ಅಷ್ಟೇ. ವಾರವಾರವೂ ಹಳದಿ ಕ್ಯಾನಿನಲ್ಲಿ ಕೆಂಪು ಮುಚ್ಚಳದ ತೊಗ್ವಾ ತುಂಬಿ ಗುಡ್ಡದಾಚೆಗೆ ಹೋಗುವ ಲಾರಿಯಲ್ಲಿ ಕಳಿಸುತ್ತಿದ್ದಳು. ಕ್ಯಾನು ತೊಳೆದು ಖಾಲಿಯಾಗಿ ವಾಪಸ್ ಬರುತ್ತಿತ್ತು. ಅದನ್ನು ನನಗೆ ತೋರಿಸಿ, ಒಂದು ಹನಿಯೂ ಬಿಟ್ಟಿಲ್ಲ ನೋಡು ಎನ್ನುತ್ತಿದ್ದಳು. ಹೆಪ್ಪು ಹಂಚುವ ಯೋಜನೆ ಮುಗಿದು ಅನೇತ್ ಹೊರಟುಹೋದ ಮೇಲೂ ಆ ಹೆಪ್ಪನ್ನು ಹಸುಗೂಸಿನಂತೆ ಕಾಪಾಡಿದಳು.

ಒಟೀಲಿಯಾ ಬಸುರಾದಳು. ಸುದ್ದಿ ಬಂದ ದಿನ ಒಸ್ಮುಂಡಾ ನನ್ನ ಹತ್ತಿರ ಜಗಳವನ್ನೇ ಆಡಲಿಲ್ಲ. ಹೆರಿಗೆಗೆ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಗಂಡು ಕೂಸು. ಅದರ ಬೆನ್ನೂ ಮುಚ್ಚಿರಲಿಲ್ಲ, ಉಸಿರಾಡಲೂ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ ಒಸ್ಮುಂಡಾ ಮಗಳ ಹಾಸಿಗೆಯ ಪಕ್ಕ ಕೂತು, ಹೆಪ್ಪು ಯಾವಾಗ ಕೆಟ್ಟಿತೋ, ತನ್ನ ಕೈಯೇ ಸರಿಯಿಲ್ಲವೇನೋ ಎಂದು ತನ್ನನ್ನೇ ಬೈದುಕೊಳ್ಳತೊಡಗಿದಳು. ಒಟೀಲಿಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ನಿನ್ ಹೆಪ್ಪು ಕೆಟ್ಟಿಲ್ಲಮ್ಮ. ನಾನು ಮೊದ್ಲು ಕುಡೀಲೇ ಇಲ್ಲ."

"ಕ್ಯಾನು ಖಾಲಿ ಬರ್ತಿತ್ತಲ್ಲೇ," ಎಂದಳು ತಾಯಿ.

"ಹಂದಿಗೆ ಹಾಕ್ತಿದ್ದೆ. ಅದು ಬಸುರಿ ಗಂಜಿ ಅಂತ ಆ ಮನೇಲಿ ಎಲ್ರಿಗೂ ಗೊತ್ತು. ಒಂದ್ ಲೋಟ ಕುಡಿದ್ರೆ ಅತ್ತೆ ನನ್ ಹೊಟ್ಟೆ ನೋಡೋಳು. ಮುಟ್ಟಾಗಿ ಬಟ್ಟೆ ಒಣಹಾಕಿದ್ರೆ, ಇದೂ ಹೋಯ್ತಾ ಅನ್ನೋಳು. ನನ್ ಕೈಲಿ ಆಗ್ತಿರ್ಲಿಲ್ಲಮ್ಮ."

"ಆಮೇಲೆ?"

"ಹೊಟ್ಟೆ ಕಂಡ್ಮೇಲೆ ಕುಡಿದೆ. ದಿನಾ ಕುಡಿದೆ."

ಮೊದಲೇ ಕುಡಿದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಲು ಅನೇತ್ ಇರಲಿಲ್ಲ. ಇದ್ದಿದ್ದರೂ ಗೊತ್ತಿಲ್ಲ ಎನ್ನುತ್ತಿದ್ದಳು. ನನಗೆ ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು, ಯಾರನ್ನೆಂದು ತೋಚಲಿಲ್ಲ.

ಒಟೀಲಿಯಾಳ ಗಂಡ ಎಡ್ಗರ್ ಕೆಟ್ಟವನಲ್ಲ, ತಾಯಿಯ ಮಾತು ಮೀರುವವನೂ ಅಲ್ಲ. ಕಾಫಿ ಕೊಯ್ಲು ಮುಗಿಯುವ ಮೊದಲೇ ಹೆಂಡತಿಯನ್ನು ತವರಿಗೆ ತಂದು ಬಿಟ್ಟ. ಮುಂದಿನ ಮಳೆಗೆ ಇನ್ನೊಬ್ಬಳು ಆ ಮನೆಗೆ ಬಂದಳು, ಈಗ ಅವಳಿಗೊಂದು ಗಟ್ಟಿಮುಟ್ಟಾದ ಮಗುವಿದೆ.

ಒಟೀಲಿಯಾ ಅಮ್ಮನ ಜೊತೆ ಮಾರುಕಟ್ಟೆಯಲ್ಲಿ ಕೂರುತ್ತಾಳೆ. ಬೆಳಗ್ಗೆ ಬಂದ ಕೂಡಲೇ ಕೆಂಪು ಮುಚ್ಚಳ ತೆಗೆದು, ದೊಡ್ಡ ಲೋಟ ತುಂಬಿಸಿಕೊಂಡು, ಎಲ್ಲರೆದುರು ನಿಂತು ಪೂರ್ತಿ ಕುಡಿಯುತ್ತಾಳೆ. ಆ ಹೊತ್ತಿಗೆ ಗೆರೋಲ್ಡನಿಗೆ ಬೈಕು ಒರೆಸುವ ಕೆಲಸ ಬರುತ್ತದೆ. ಬೇರೆ ಹೆಂಗಸರು ಆ ಬಕೆಟ್ಟಿನ ಕಡೆ ಸುಳಿಯುವುದನ್ನೇ ಬಿಟ್ಟಿದ್ದಾರೆ. ಎರಡು ಕೂಸು ಸತ್ತ ಮನೆಯ ಗಂಜಿ ಯಾರಿಗೆ ಬೇಕು. ಮಗಳೊಬ್ಬಳಿಗಾಗಿ ಒಸ್ಮುಂಡಾ ದಿನವೂ ಅದಕ್ಕೆ ಹೆಪ್ಪು ಹಾಕುತ್ತಾಳೆ. ನನಗೆ ನೋಡಲಾಗುವುದಿಲ್ಲ. ಮೊನ್ನೆ ಒಟೀಲಿಯಾ ನೀರಿಗೆ ಹೋದಾಗ, ಗಂಡನೇ ಬಿಟ್ಟವಳಿಗೆ ಅದೇಕೆ, ಇನ್ನಾದರೂ ಅದನ್ನು ನಿಲ್ಲಿಸಬಾರದೇ ಎಂದು ಮೆಲ್ಲಗೆ ಕೇಳಿದೆ.

"ನಿಲ್ಸಿದ್ರೆ, ಯಾಕ್ ನಿಲ್ಸಿದೆ ಅಂತ ಅವ್ಳು ಕೇಳ್ತಾಳಲ್ಲ," ಎಂದಳು ಒಸ್ಮುಂಡಾ. "ಆಗ ಏನ್ ಹೇಳ್ಲಿ?"