ಮಾಸ್ತಮ್ಮನ ಪತ್ರೊಡೆ ಮತ್ತು ನಲವತ್ತು ನಿಮಿಷದ ಕಬಡ್ಡಿ

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಹೂವಯ್ಯ ಕಂಡಕ್ಟರ್. ಹೊಸನಗರದ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನು ದಿನಾ ಸಾಗರದಿಂದ ಅದರಲ್ಲೇ ಹೋಗುತ್ತ ಹನ್ನೊಂದು ವರ್ಷದಿಂದ ಅವನ ಗಂಟಲು ಸಹಿಸಿಕೊಂಡು ಬಂದವನು. ಅವನು ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿದರೆ ಎದುರಿನ ಬಸ್ಸಿನವರೂ ಇಳಿಯಲು ಏಳುತ್ತಾರೆ. ಬೆಳಗ್ಗೆ ಒಂದು ಗಳಿಗೆ ಕಣ್ಣು ಮುಚ್ಚೋಣವೆಂದರೆ ಆ ಪುಣ್ಯಾತ್ಮ ಬಿಡುವುದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ದಾರಿಯಲ್ಲಿ ಬಸ್ ಕೆಟ್ಟು ನಿಂತರೆ ಹಿಂದಿನ ಬಸ್ಸಿಗೆ ಅಡ್ಡ ನಿಂತು, ಅದೇ ಟಿಕೆಟ್ಟಿನಲ್ಲಿ ಎಲ್ಲರನ್ನೂ ಹತ್ತಿಸಿ, ಕೋಳಿಬುಟ್ಟಿಯನ್ನೂ ಮರೆಯದೆ ಕಳಿಸುತ್ತಾನೆ. "ಟಿಕೆಟ್ ಹರ್ದು ಕೊಟ್ಮೇಲೆ ಊರು ಮುಟ್ಟಿಸ್ಲೇಬೇಕು" ಎಂಬುದು ಅವನ ವೇದವಾಕ್ಯ.

ಈ ವೇದವಾಕ್ಯವೇ ಅವನನ್ನು ಟೀವಿ ವಿಷಯದಲ್ಲಿ ಕೆಡಿಸಿತು.

ಚಾನೆಲ್ಲಿನವರು ಸಾಗರಕ್ಕೆ ಬಂದು ಅಡುಗೆ ಕಾರ್ಯಕ್ರಮ ಚಿತ್ರೀಕರಿಸಿದರು. ಹೂವಯ್ಯನ ಹೆಂಡತಿ ಮಾಸ್ತಮ್ಮ ಕೆಸುವಿನೆಲೆಯ ಪತ್ರೊಡೆ ಮಾಡಿದಳು. ಕೊನೆಗೆ ನಿರೂಪಕಿ, ನಿಮ್ಮ ಯಜಮಾನರ ಬಗ್ಗೆ ಒಂದು ಮಾತು ಹೇಳಿ ಎಂದಳಂತೆ. ಮಾಸ್ತಮ್ಮ ಹೇಳಿಯೂ ಬಂದಳು. ಏನು ಹೇಳಿದೆ ಎಂದು ಗಂಡ ಕೇಳಿದರೆ, "ಟೀವೀಲಿ ಬರ್ತದಲ್ಲ, ನೋಡಿ" ಎಂದು ಪಾತ್ರೆ ತೊಳೆಯಲು ಎದ್ದುಹೋದಳು.

ಅಲ್ಲಿಂದ ಶುರುವಾಯಿತು ಇವನ ಸಂಕಟ. ಇಡೀ ಕರ್ನಾಟಕದ ಮುಂದೆ ತನ್ನ ಬಗ್ಗೆ ಏನು ಹೇಳಿರಬಹುದು? ಊಟ ಸೇರದು, ನಿದ್ದೆ ಹತ್ತದು. ಪ್ರಸಾರ ಬುಧವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ. ಆಗ ಅವನು ಬಸ್ಸಿನಲ್ಲಿ, ಅವಳು ಆನಂದಪುರದ ತಂಗಿಯ ಮನೆಯಲ್ಲಿ ನಾಮಕರಣಕ್ಕೆ. ಹಾಗಾಗಿ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್ ಹಾಕಿಸಿದ. ಡಿಶ್ ಕೂರಿಸುವ ರಾಜು ಕಾರ್ಯಕ್ರಮದ ಹೆಸರಿನ ಮುಂದೆ ಕೆಂಪು ಚುಕ್ಕೆ ಬರಿಸಿ, "ಚಾನೆಲ್ ಬದ್ಲಾದ್ರೆ ಮತ್ತೆ ಹಾಕ್ಬೇಕು ನೋಡಿ" ಎಂದ. ಹೂವಯ್ಯ ನಕ್ಕುಬಿಟ್ಟ.

"ನಂಗೇ ಹೇಳ್ತೀಯಾ? ಹೆಸ್ರು ಕೊಟ್ಟಾಯ್ತಲ್ಲ. ಅದು ಯಾವ ಚಾನೆಲ್ ಹತ್ತಿದ್ರೂ ಬಾಕ್ಸು ಹಿಂದೇನೇ ಹೋಗ್ತದೆ."

ಭಾನುವಾರ ನಾನು, ಡ್ರೈವರ್ ಮಂಜುನಾಥಪ್ಪ ಮತ್ತು ಅಕ್ಕಪಕ್ಕದವರು ರೆಕಾರ್ಡ್ ಆದದ್ದನ್ನು ನೋಡಲು ಅವನ ಮನೆಯಲ್ಲಿ ಸೇರಿದೆವು. ಪರದೆಯ ಮೇಲೆ ಮಾಸ್ತಮ್ಮ ಎಲೆಗೆ ಹಿಟ್ಟು ಹಚ್ಚಿದಳು, ಸುತ್ತಿದಳು, ಬೇಯಲು ಇಟ್ಟಳು. ಇನ್ನೇನು ಮುಚ್ಚಳ ತೆಗೆಯಬೇಕು, ಅಷ್ಟರಲ್ಲಿ ಕೆಳಗೆ ಅಕ್ಷರಗಳು ಓಡಿದವು: ನೇರ ಪ್ರಸಾರವಿರುವುದರಿಂದ ಉಳಿದ ಭಾಗ ನಮ್ಮ ಇನ್ನೊಂದು ಚಾನೆಲ್ಲಿನಲ್ಲಿ. ಮರುಕ್ಷಣ ಪತ್ರೊಡೆ ಇದ್ದ ಜಾಗದಲ್ಲಿ ಹದಿನಾಲ್ಕು ಜನ ಕಬಡ್ಡಿ ಆಡತೊಡಗಿದರು.

"ತಡೀರಿ, ಬದ್ಲಿ ಬಸ್ ಬರೋಕೆ ಟೈಂ ಬೇಕಲ್ಲ" ಎಂದ ಹೂವಯ್ಯ.

ನಲವತ್ತು ನಿಮಿಷ ಕಾದೆವು. ಮಂಜುನಾಥಪ್ಪ ಒಂದು ತಂಡದ ಕಡೆ ಸೇರಿ ತೊಡೆ ತಟ್ಟತೊಡಗಿದ. ಮಾಸ್ತಮ್ಮ ಬಿಸಿ ಪತ್ರೊಡೆ ತಂದುಕೊಟ್ಟಳು. ಪರದೆಯಿಂದ ಕಣ್ಣು ಕೀಳದೆ ಹೂವಯ್ಯ ಎಂಟು ತುಂಡು ಮುಗಿಸಿದ. ಬುಧವಾರದ ನಾಲ್ಕು ಗಂಟೆಗೆ ಸರಿಯಾಗಿ ರೆಕಾರ್ಡಿಂಗ್ ಮುಗಿದುಹೋಗಿತ್ತು. ನನಗೆ ರೇಗಿಹೋಗಿ ರಾಜುವಿಗೆ ಫೋನ್ ಮಾಡಿದೆ.

"ಬಾಕ್ಸಿಗೆ ಗೊತ್ತಿರೋದು ಚಾನೆಲ್ ನಂಬರು, ಟೈಮು, ಎರಡೇ ಸಾರ್" ಎಂದ ಅವನು. "ಕಾರ್ಯಕ್ರಮ ಎದ್ದು ಹೋದ್ರೂ ಅದು ಖಾಲಿ ಸೀಟು ಕಾಯ್ತಾ ಕೂತಿರ್ತದೆ."

ಮೊಬೈಲಿನಲ್ಲಿ ಹುಡುಕಿದೆವು. ಬೇರೆಯವರ ಕಂತುಗಳೆಲ್ಲ ಇದ್ದವು, ಮಾಸ್ತಮ್ಮನದು ಮಾತ್ರ ಇಲ್ಲ. "ನೀನಾದ್ರೂ ಹೇಳೇ ಮಾರಾಯ್ತಿ" ಎಂದು ಹೂವಯ್ಯ ಬೇಡಿದ. "ಹೇಳಿದ್ದು ಹೇಳಾಯ್ತು" ಎಂದು ಅವಳು ಒಳಗೆ ಹೋದಳು.

ಮರುದಿನದಿಂದ ಟಿಕೆಟ್ ಕೇಳಿದವರಿಗೆಲ್ಲ ಅವನದು ಒಂದೇ ಪ್ರಶ್ನೆ: "ಬುಧವಾರ ಟೀವಿ ನೋಡಿದ್ರಾ?" ಗುರುವಾರ ಬಟ್ಟೆಮಲ್ಲಪ್ಪದಲ್ಲಿ ಹತ್ತಿದ ಟೈಲರ್ ವಿಶಾಲಮ್ಮ ಹೌದೆಂದಳು. ಅವಳು ರಿಮೋಟ್ ಒತ್ತಿ ಆ ಇನ್ನೊಂದು ಚಾನೆಲ್ಲಿಗೇ ಹೋಗಿ ಕೊನೆಯವರೆಗೂ ನೋಡಿದ್ದಳು.

"ಎಂತ ಹೇಳಿದ್ಲು?" ಹೂವಯ್ಯನ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವಿಶಾಲಮ್ಮನ ದನಿ ತಗ್ಗಲಿಲ್ಲ.

"'ನಮ್ಮನೆಯವ್ರು ಬಸ್ಸಲ್ಲಿ ಊರಿಗೆಲ್ಲ ಕೇಳೋ ಹಂಗೆ ಮಾತಾಡ್ತಾರಂತೆ. ನಾನಂತೂ ಕೇಳಿಲ್ಲ. ಮನೇಲಿ ಅವ್ರು ಬಾಯಿ ಬಿಡೋದು ಉಣ್ಣೋಕೆ ಮಾತ್ರ' ಅಂದ್ರು ಕಣ್ರೀ."

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವನ ಮುಖ ನೋಡಿ ನನಗೇ ನಾಚಿಕೆಯಾಯಿತು. ಹೊಸನಗರದವರೆಗೆ ಅವನು ಒಂದು ಊರಿನ ಹೆಸರನ್ನೂ ಕೂಗಲಿಲ್ಲ. ಇಬ್ಬರು ತಮ್ಮ ಸ್ಟಾಪು ದಾಟಿಹೋಗಿ, ಇಳಿಯುವಾಗ ಅವನನ್ನು ಬೈದರು.

ಬಸ್ ನಿಂತ ಮೇಲೆ ಅವನು ಹಿಂದಿನ ಚಕ್ರದ ಬಳಿ ಹೋಗಿ ಫೋನ್ ಮಾಡಿದ. ಕದ್ದು ಕೇಳುವುದು ಒಳ್ಳೆಯದಲ್ಲ, ಆದರೂ ನಾನು ಅಲ್ಲೇ ನಿಂತೆ. ಅವನ ಫೋನಿನ ಗಂಟಲೂ ಸಣ್ಣದಲ್ಲ.

"ಎಂತಾಯ್ತು? ಬಸ್ ಎಲ್ಲಾದ್ರೂ ಗುದ್ದಿತಾ?" ಮಾಸ್ತಮ್ಮ ಗಾಬರಿಯಿಂದ ಕೇಳಿದಳು.

"ಇಲ್ಲ, ಎಂತದೂ ಆಗಿಲ್ಲ. ಪತ್ರೊಡೆ ಚೆನ್ನಾಗಿತ್ತು."

"ಯಾವತ್ತಿಂದು?"

ಹೂವಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡ. "ಎಲ್ಲಾ ಸಲದ್ದೂ."

ಮಂಜುನಾಥಪ್ಪ ಹಾರ್ನ್ ಬಾರಿಸಿದ. ಹೂವಯ್ಯ ಹೊರಡಲು ತಿರುಗಿದಾಗ ಮಾಸ್ತಮ್ಮನ ದನಿ ಮೆಲ್ಲಗೆ ಕೇಳಿಸಿತು.

"ಫೋನ್ ಇಡ್ಬೇಡಿ. ಇನ್ನೇನಾದ್ರೂ ಹೇಳಿ."