ಕೌದಿಯೊಳಗಿದ್ದ ಬಂಡಿಗಾಲಿ

ನಿಜಾಮನ ಕಾಲದ ಆ ಸೀರಿಯಲ್‌ನಲ್ಲಿ ನಾಯಕಿ ಬಾವುಟವನ್ನು ಜೋಳದ ಚೀಲದಲ್ಲಿ ಬಚ್ಚಿಟ್ಟಳು. ಸಿಪಾಯಿಗಳು ಮನೆ ಜಾಲಾಡಿದರು, ಸಿಗಲಿಲ್ಲ. ಬ್ರೇಕ್ ಬಂತು. ಸೋಪಿನ ಆಡ್ ಮುಗಿಯುವುದರೊಳಗೆ ನಾನು ಹೇಳಿಬಿಟ್ಟೆ, ನಮ್ಮವ್ವನೂ ಬಾವುಟ ಹೊಲಿದು ಕೌದಿಯ ಪದರುಗಳ ನಡುವೆ ಮುಚ್ಚಿಟ್ಟಿದ್ದಳು ಎಂದು.

ಕಡಗಂಚಿ ಯೂನಿವರ್ಸಿಟಿಯಲ್ಲಿ ಹಿಸ್ಟರಿ ಎಂ.ಎ. ಓದುವ ಮೊಮ್ಮಗಳು ನಕ್ಕಳು. “ಆಯಿ, ಸೀರಿಯಲ್ ನೋಡಿ ಕಥಿ ಕಟ್ಟಾಕತ್ತೀರಿ.”

ನನ್ನನ್ನು ಅಂದಿದ್ದರೆ ಫೈನ್, ಸುಳ್ಳುಗಾರ್ತಿಯಾದವಳು ಅವ್ವ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದರೂ ನಮ್ಮ ಆಳಂದ ನಿಜಾಮನ ಕೈಯಲ್ಲೇ ಇತ್ತು, ಮನೆಯಲ್ಲಿ ತ್ರಿವರ್ಣ ಬಾವುಟ ಸಿಕ್ಕರೆ ಜೈಲು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಇಂಗ್ಲೆಂಡಿನ ರಾಜರನ್ನು ಬೈಹಾರ್ಟ್ ಮಾಡಿಸಿದರು, ಇದನ್ನು ಹೇಳಲಿಲ್ಲ. ಅವ್ವ ಹೇಳಿದಳು, ಅದೇ ಕೌದಿ ಹೊದಿಸುತ್ತ. ನಿಜಾಮ ಹೋದ ಮೇಲೂ ಅವಳು ಅದನ್ನು ಬಿಚ್ಚಲಿಲ್ಲ. ಆ ಚಳಿಗಾಲಕ್ಕೆ ನಾನು ಹುಟ್ಟಿದ್ದೆ, ಕೂಸಿಗೆ ಹೊದಿಕೆ ಬೇಕಿತ್ತು.

ಕೌದಿ ನನಗೂ ನರೋಣಾದ ತಂಗಿಗೂ ಸೇರಿದ್ದು. ಬಿಚ್ಚಿ ನೋಡೋಣ ಬಾ ಎಂದು ಫೋನ್ ಮಾಡಿದೆ. ಮರುದಿನದ ಬಸ್ಸಿಗೇ ಬಂದವಳು ನೀರೂ ಕುಡಿಯದೆ ಕೌದಿಯ ಮೇಲೆ ಕುಳಿತುಬಿಟ್ಟಳು.

“ಅವ್ವನ ಕೈ ಹೊಲಿಗಿ ಇದು. ಬಿಚ್ಚಿದ ಮ್ಯಾಲ ಏನೂ ಸಿಗಲಿಲ್ಲಂದ್ರ ಕೌದಿನೂ ಹೋತು, ಅವ್ವನ ಮಾತೂ ಹೋತು.”

ಆ ಅಂಜಿಕೆ ನನಗೂ ಇತ್ತು. ಆದರೂ ಅಂದೆ, “ಅವ್ವ ಸುಳ್ಳು ಹೇಳಾಕಿ ಅಲ್ಲ. ಏಳಬೇ.”

ಅವಳು ಎದ್ದಳು, ನಾನು ಒಂದು ಅಂಚು ಬಿಚ್ಚಿದೆ. ಹಳೆ ಇಳಕಲ್ ಸೀರೆ, ಅಪ್ಪನ ಧೋತರ, ಮತ್ತೆ ಸೀರೆ. ಮೊಮ್ಮಗಳು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. ನನ್ನ ಕೈಯಿಂದ ಕತ್ತರಿ ತಂಗಿಯೇ ತೆಗೆದುಕೊಂಡಳು. ಇನ್ನೊಂದು ಪದರು ಸರಿಸಿದಾಗ ಕೇಸರಿ ಕಂಡಿತು. ಅದರ ಕೆಳಗೆ ಬಿಳಿ, ಹಸಿರು.

ನಡುವಿನ ಚಕ್ರ ಮಾತ್ರ ಟಿವಿಯಲ್ಲಿ ಕಂಡಂಥದ್ದಲ್ಲ. ಬಳೆ ಇಟ್ಟು ಗೆರೆ ಎಳೆದ ದುಂಡು, ಒಳಗೆ ನೀಲಿ ದಾರದ ನಾಲ್ಕಾರು ದಪ್ಪ ಅರಗಳು. ಥೇಟ್ ಬಂಡಿಗಾಲಿ. ಹೊಲಿಯುವಾಗ ಅವ್ವ ಬಾವುಟ ಕಂಡವಳೇ ಅಲ್ಲ. ಗಡಿಯಾಚೆಯಿಂದ ಖಜೂರಿ ದಾರಿಯಲ್ಲಿ ಕದ್ದು ಬಂದುಹೋಗುತ್ತಿದ್ದ ನಮ್ಮ ಸೋದರಮಾವ, ನಡುವೆ ಒಂದು ಗಾಲಿ ಇರುತ್ತದೆ ಎಂದು ಬಾಯಲ್ಲಿ ಹೇಳಿದ್ದನಂತೆ. ಅವಳಿಗೆ ಗೊತ್ತಿದ್ದ ಗಾಲಿ ನಮ್ಮ ಅಂಗಳದಲ್ಲಿ ನಿಂತಿತ್ತು.

ಮೊಮ್ಮಗಳು ಮೊಬೈಲ್ ಕೆಳಗಿಟ್ಟಳು. “ಇದು ಸೀರಿಯಲ್‌ನಾಗ ಇಲ್ರಿ, ಆಯಿ.”

“ಹೆಂಗ ಇರ್ತೈತಿ?” ಎಂದಳು ತಂಗಿ. “ಅವರೇನು ನಮ್ಮ ಬಂಡ್ಯಾಗ ಕುಂತಿದ್ರೇನು?” ಆಮೇಲೆ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು, “ಮತ್ತ ಒಳಗ ಇಟ್ಟು ಹೊಲೀಲೇನಕ್ಕಾ?”

“ಬ್ಯಾಡ. ಈಗ ಯಾರ ಅಂಜಿಕಿ? ಮಾಳಿಗಿ ಮ್ಯಾಲ ನಡಿ.”

ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆವು. ತಂಗಿ ಒಂದು ತುದಿ, ನಾನೊಂದು ತುದಿ. ಬಟ್ಟೆ ಗಾಳಿಗೆ ಉಬ್ಬಿತು. ಅವ್ವನ ಬಂಡಿಗಾಲಿಯ ಮೇಲೆ ಮೊದಲ ಸಲ ಬಿಸಿಲು ಬಿತ್ತು.